ಕುಡಿತದ ಕೇಸ್ ಆಗಿದೆಯಾ? ಪೊಲೀಸ್ ಭರ್ತಿಯ ಫಾರ್ಮ್ ತುಂಬುವ ಮೊದಲು ಇದನ್ನು ಓದಿ

ಮೊದಲು ಉತ್ತರ ಹೇಳಿಬಿಡುತ್ತೇನೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಒಮ್ಮೆ ಬಿಯರ್ ಕುಡಿದು ಸಿಕ್ಕಿಬಿದ್ದರೆ, ಅದೊಂದೇ ಕಾರಣಕ್ಕೆ ಮಹಾರಾಷ್ಟ್ರದ ಪೊಲೀಸ್ ನೌಕರಿ ಕೈತಪ್ಪುವುದು ಕಡಿಮೆ. ಆದರೆ ಅದನ್ನು ಫಾರ್ಮ್‌ನಲ್ಲಿ ಮುಚ್ಚಿಟ್ಟು ನೌಕರಿ ಕಳೆದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ಎರಡರ ನಡುವಿನ ದಾರಿ ಹೇಗೆ ಎಂದು ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಜತ್ತ ತಾಲೂಕಿನವನು. ಮನೆಮಾತು ಕನ್ನಡ, ಕಲಿತ ಶಾಲೆಯೂ ಕನ್ನಡದ್ದೇ. ಪುಣೆಯಲ್ಲಿ ಶಿಪಾಯಿಯಾಗಿ ಸೇರಿ, ಸಹಾಯಕ ಫೌಜದಾರನಾಗಿ, ಅಂದರೆ ಎಎಸ್‌ಐ ಆಗಿ, ನಿವೃತ್ತನಾದೆ. ಕೊನೆಯ ವರ್ಷಗಳಲ್ಲಿ ಠಾಣೆಯ ಗೋಪನೀಯ ಶಾಖೆಯಲ್ಲಿದ್ದೆ. ಪಾಸ್‌ಪೋರ್ಟ್ ಅರ್ಜಿ, ನೌಕರಿಯ ಚಾರಿತ್ರ್ಯ ಪಡತಾಳಣಿ (ಪರಿಶೀಲನೆ), ಇವೆಲ್ಲ ಬರುವುದು ಆ ಟೇಬಲ್ಲಿಗೇ. ಈಗ ಭೋಸರಿಯಲ್ಲಿ ಮನೆ. ಇಂಡಿ, ಆಳಂದ, ಅಕ್ಕಲಕೋಟ ಕಡೆಯಿಂದ ಬಂದು ಇಲ್ಲೇ ಬೆಳೆದ ಹುಡುಗ ಹುಡುಗಿಯರು ಬೆಳಿಗ್ಗೆ ಮೈದಾನದಲ್ಲಿ ಭರ್ತಿಗೆ ಓಡುತ್ತಾರೆ. ಅಪ್ಪ ಸೆಂಟ್ರಿಂಗ್ ಕೆಲಸಕ್ಕೋ ಎಂಐಡಿಸಿಯ ಕಾರ್ಖಾನೆಗೋ ಹೋಗುವವನು. ಮನೆಗೆ ಮೊದಲ ಸರ್ಕಾರಿ ಸಂಬಳ ಬರಬೇಕಿರುವುದು ಈ ಮಕ್ಕಳಿಂದ. ಅವರು ಓಟ ಮುಗಿಸಿ ನನ್ನ ಪಕ್ಕ ಕೂತು, ದನಿ ಇಳಿಸಿ ಕೇಳುವ ಮಾತು ಇದು: "ಕಾಕಾ, ನನ್ನ ಮೇಲೆ ಒಂದು ಸಣ್ಣ ಕೇಸ್ ಅದ. ಬರೀಲೋ ಬ್ಯಾಡೋ?"

ಬರೆಯಬೇಕು. ಆದರೆ ಏನು ಬರೆಯಬೇಕು ಎಂಬುದು, ನಿಮ್ಮ ಹೆಸರು ಯಾವ ಕಾಗದದ ಮೇಲಿದೆ ಎಂಬುದರ ಮೇಲೆ ನಿಂತಿದೆ.

ವಯಸ್ಸಿನ ಲೆಕ್ಕ

ಮಹಾರಾಷ್ಟ್ರದಲ್ಲಿ ಮೈಲ್ಡ್ ಬಿಯರ್, ವೈನ್‌ಗೆ 21 ವರ್ಷ ತುಂಬಿರಬೇಕು. ವಿಸ್ಕಿ, ರಮ್‌ನಂಥ ಕಡಕ್ ದಾರೂಗೆ 25. ಅದರ ಮೇಲೆ ಪರ್ಮಿಟ್ ಬೇರೆ ಬೇಕು. 1949ರ ದಾರೂಬಂದಿ ಕಾಯ್ದೆ ಇಲ್ಲಿ ಈಗಲೂ ಜಾರಿಯಲ್ಲಿದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಪರ್ಮಿಟ್ ಇಲ್ಲದೆ ಕುಡಿಯುವುದೇ ಈ ಕಾಯ್ದೆಯಲ್ಲಿ ಅಪರಾಧ. ವಯಸ್ಸು ತುಂಬದವರಿಗೆ ಪರ್ಮಿಟ್ ಸಿಗುವುದಿಲ್ಲ. ಹಾಗಾಗಿ ಇಪ್ಪತ್ತರ ಹುಡುಗ ಈ ರಾಜ್ಯದಲ್ಲಿ ಎಲ್ಲಿ ಕುಡಿದರೂ ತಪ್ಪೇ.

ಗೋವಾದಲ್ಲಿ 18 ಸಾಕು. ಅದಕ್ಕೇ ಪುಣೆಯ ಹುಡುಗರು ಬೈಕ್ ಹತ್ತಿ ಅಲ್ಲಿಗೆ ಓಡುತ್ತಾರೆ. ಅಲ್ಲಿ ಕುಡಿದದ್ದು ಅಲ್ಲಿಯ ಲೆಕ್ಕ. ಆದರೆ ಬರುವಾಗ ಬ್ಯಾಗಿನಲ್ಲಿ ಬಾಟಲಿ ತಂದರೆ ಇಲ್ಲಿಯ ಕಾಯ್ದೆಯ ಕಲಂ 65 ಬರುತ್ತದೆ. ಸಾವಂತವಾಡಿ ಹತ್ತಿರ ಇನ್ಸುಲಿಯಲ್ಲಿ ಎಕ್ಸೈಜ್‌ನವರ (ಅಬಕಾರಿ ಇಲಾಖೆಯವರ) ನಾಕಾ ಇದೆ. ಇದು ಕುಡಿತದ ಸಣ್ಣ ಕೇಸ್ ಅಲ್ಲ, ಪರವಾನಗಿ ಇಲ್ಲದೆ ದಾರೂ ಸಾಗಿಸಿದ ಕೇಸ್. ಶಿಕ್ಷೆಯೂ ದೊಡ್ಡದು. ಗೆಳೆಯ ಕೊಟ್ಟ ಎರಡು ಬಾಟಲಿಗಾಗಿ ಖಾಕಿ ಕಳೆದುಕೊಳ್ಳಬೇಡಿ. ಗೋವಾದ ಬೀಚ್‌ನಲ್ಲಿ ಕೂತು ಕುಡಿದರೂ ದಂಡ ಇದೆ. 2019ರಲ್ಲೇ ಅಲ್ಲಿಯ ಕಾಯ್ದೆಗೆ ಅದನ್ನು ಸೇರಿಸಿದ್ದಾರೆ.

ಇನ್ನೊಂದು ಮಾತು ಗಮನಿಸಿ. ಮಹಾರಾಷ್ಟ್ರದ ಪೊಲೀಸ್ ಶಿಪಾಯಿ ಭರ್ತಿಗೆ 18 ತುಂಬಿ, ಹನ್ನೆರಡನೇ ತರಗತಿ ಪಾಸಾಗಿದ್ದರೆ ಸಾಕು. ಅದೇ 18ರಿಂದ ಕಾಯ್ದೆಯ ಕಣ್ಣಿಗೆ ನೀವು ದೊಡ್ಡವರು, ಕೇಸ್ ಆದರೆ ದೊಡ್ಡವರ ಕೋರ್ಟಿಗೇ ಹೋಗಬೇಕು. ಬಿಯರ್‌ಗೆ ಮಾತ್ರ ಇನ್ನೂ ಮೂರು ವರ್ಷ ಚಿಕ್ಕವರು. ನನ್ನ ಹತ್ತಿರ ಬರುವ ತೊಂದರೆಯೆಲ್ಲ ಈ ಮೂರು ವರ್ಷದ್ದೇ.

ಪುಣೆಯಲ್ಲಿ ತಪಾಸಣೆ ಬಿಗಿಯಾದದ್ದು 2024ರ ಮೇ 19ರ ನಂತರ. ಅವತ್ತು ನಸುಕಿನಲ್ಲಿ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿತು. ಇಬ್ಬರು ಯುವ ಇಂಜಿನಿಯರ್‌ಗಳು ಜೀವ ಬಿಟ್ಟರು. ಆ ಹುಡುಗ ಅದಕ್ಕೂ ಮೊದಲು ಪಬ್‌ನಲ್ಲಿ ಕುಡಿದಿದ್ದ ಎಂದು ಪೊಲೀಸರು ಹೇಳಿದರು. ದಾರೂ ಕೊಟ್ಟ ಜಾಗದವರ ಮೇಲೂ ಕೇಸ್ ಆಯಿತು. ಆಮೇಲೆ ಪಬ್‌ಗಳ ಬಾಗಿಲಲ್ಲಿ ವಯಸ್ಸಿನ ಪುರಾವೆ ಕೇಳುವುದು, ರೇಡ್ ಬೀಳುವುದು ಎರಡೂ ಜಾಸ್ತಿಯಾದವು.

ಯಾವ ಕಾಗದದ ಮೇಲೆ ಹೆಸರಿದೆ?

"ಕೇಸ್ ಆಗಿದೆ" ಎನ್ನುವ ಹುಡುಗರಿಗೆ ಯಾವ ಕೇಸ್ ಎಂಬುದೇ ಗೊತ್ತಿರುವುದಿಲ್ಲ. "ಏನೂ ಆಗಿಲ್ಲ, ದಂಡ ಕಟ್ಟಿ ಬಂದೆ" ಎನ್ನುವವರಿಗೆ ಅದಕ್ಕಿಂತಲೂ ಕಡಿಮೆ ಗೊತ್ತಿರುತ್ತದೆ. ಹಾಗಾಗಿ ಇದನ್ನು ನಿಧಾನಕ್ಕೆ ಓದಿ.

ಪಬ್‌ಗೆ ರೇಡ್ ಬಿದ್ದು, ಅಲ್ಲಿದ್ದವರ ಹೆಸರು, ವಯಸ್ಸು ಬರೆದುಕೊಂಡು ಮನೆಗೆ ಕಳಿಸಿದರೆ, ಆರೋಪಿ ಸಾಮಾನ್ಯವಾಗಿ ಲೈಸೆನ್ಸ್ ಇದ್ದವನು ಮತ್ತು ಮ್ಯಾನೇಜರ್. ನಿಮ್ಮ ಹೆಸರು ಪಂಚನಾಮೆಯಲ್ಲೋ ಜಬಾಬಿನಲ್ಲೋ (ಹೇಳಿಕೆಯಲ್ಲೋ) ಇರಬಹುದು. ಸಾಕ್ಷಿಯಾಗಿ ಹೆಸರು ಬರುವುದು ಬೇರೆ, ಆರೋಪಿಯಾಗಿ ಬರುವುದು ಬೇರೆ. ಒಬ್ಬ ಹುಡುಗಿ ಇದೇ ಹೆದರಿಕೆಯಿಂದ ಭರ್ತಿಯ ಅರ್ಜಿಯನ್ನೇ ಹಾಕದೆ ಕೂತಿದ್ದಳು. ಠಾಣೆಗೆ ಹೋಗಿ ಕೇಳಿ ನೋಡಿದರೆ ಅವಳ ಮೇಲೆ ಏನೂ ಇರಲಿಲ್ಲ. ಒಂದು ಭರ್ತಿ ಸುಮ್ನೆ ಹೋಯಿತು.

ಲೈಸೆನ್ಸ್ ಇಲ್ಲದ ಢಾಬಾದಲ್ಲಿ ಎಕ್ಸೈಜ್‌ನವರು ಹಿಡಿದರೆ ಢಾಬಾದವನ ಮೇಲೆ ಕಲಂ 68, ಕುಡಿಯುತ್ತ ಕೂತವರ ಮೇಲೆ ಕಲಂ 84. ರಸ್ತೆಯಲ್ಲಿ ಕುಡಿದು ಗಲಾಟೆ ಮಾಡಿದರೆ, ಅಥವಾ ಮೈಮೇಲೆ ಎಚ್ಚರ ಇಲ್ಲದೆ ಬಿದ್ದಿದ್ದರೆ ಕಲಂ 85. ಖಡಕವಾಸಲಾ ದಂಡೆಯಲ್ಲೋ ಲೋಣಾವಳಾದಲ್ಲೋ ಕೂಗಾಟ ಮಾಡಿದ ಗುಂಪಿಗೆ ಪೊಲೀಸ್ ಕಾಯ್ದೆಯ 110/117 ಹಾಕುವುದೂ ಉಂಟು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 355 ಇದೆ. ಸಾರ್ವಜನಿಕ ಜಾಗದಲ್ಲಿ ಕುಡಿದು ಜನಕ್ಕೆ ತೊಂದರೆ ಕೊಟ್ಟರೆ 24 ಗಂಟೆಯವರೆಗೆ ಸಾದಾ ಸಜೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಇಲ್ಲವೇ ಸಮಾಜಸೇವೆ. ಇವೆಲ್ಲ ಸಣ್ಣ ಕೇಸುಗಳು. ಭರ್ತಿಯ ಕಡೆಯಿಂದ ನೋಡಿದರೂ ಸಣ್ಣವೇ, ನೀವು ಮುಚ್ಚಿಡದಿದ್ದರೆ.

ಆಮೇಲೆ ಚಾಪ್ಟರ್ ಕೇಸ್. ಗಣಪತಿ ಹಬ್ಬದಲ್ಲೋ ಚುನಾವಣೆಯ ಹೊತ್ತಿನಲ್ಲೋ ಗಲಾಟೆ ಮಾಡಬಹುದು ಎಂದು ಮುಂಚಿತವಾಗಿಯೇ ಕರೆದು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವುದು. ಹುಡುಗರು ಇದನ್ನು ಕೇಸ್ ಎಂದೇ ಎಣಿಸುವುದಿಲ್ಲ. ಆದರೆ ಫಾರ್ಮ್‌ನಲ್ಲಿ "ನಿಮ್ಮಿಂದ ಬಾಂಡ್ ಬರೆಸಿಕೊಂಡಿದ್ದಾರಾ" ಎಂದು ಬೇರೆಯಾಗಿಯೇ ಕೇಳುತ್ತಾರೆ. ಬರೆಸಿಕೊಂಡಿದ್ದರೆ ಉತ್ತರ ಹೌದು.

ಎಲ್ಲಕ್ಕಿಂತ ಭಾರದ್ದು ಕುಡಿದು ಗಾಡಿ ಓಡಿಸಿದ ಕೇಸ್, ಮೋಟಾರು ವಾಹನ ಕಾಯ್ದೆಯ ಕಲಂ 185. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮುಗಿಯಿತು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಇದನ್ನು ಸಿಗ್ನಲ್ ಮುರಿದ ಚಲನ್ ಥರ ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಮುಗಿಸಲು ಆಗುವುದಿಲ್ಲ, ಕೋರ್ಟಿಗೆ ಹೋಗಲೇಬೇಕು. ನಾಳೆ ನಾಕಾಬಂದಿಯಲ್ಲಿ ನಿಂತು ಬೇರೆಯವರ ಬಾಯಿಗೆ ಮಶೀನ್ ಹಿಡಿಯಬೇಕಾದವನು ನೀನು. ನಿನ್ನ ಮೇಲೇ ಇದೇ ಕೇಸ್ ಇದ್ದರೆ ಆಯ್ಕೆ ಮಾಡುವವರು ಎರಡು ಸಲ ಯೋಚಿಸುತ್ತಾರೆ. ಅವರು ಯೋಚಿಸುವುದು ಸರಿ ಎಂದೇ ನನ್ನ ಅಭಿಪ್ರಾಯ.

ಹದಿನೆಂಟಕ್ಕೆ ಮೊದಲು ಆದದ್ದು

18 ತುಂಬುವ ಮೊದಲು ಸಿಕ್ಕಿಬಿದ್ದಿದ್ದರೆ ಕಾಯ್ದೆ ನಿಮ್ಮ ಪರವಾಗಿದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಕುಡಿತದಂಥ ಸಣ್ಣ ತಪ್ಪಿಗೆ ಸಾಮಾನ್ಯವಾಗಿ ಎಫ್‌ಐಆರ್ ಮಾಡುವಂತಿಲ್ಲ. ಠಾಣೆಯ ಡೈರಿಯಲ್ಲಿ ಬರೆದು ಬಾಲ ನ್ಯಾಯ ಮಂಡಳಿಗೆ ವರದಿ ಕೊಡಬೇಕು. ಕಲಂ 24ರ ಪ್ರಕಾರ ಆ ವಯಸ್ಸಿನ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳಬಾರದು. ಕಲಂ 74 ಇನ್ನೂ ಸ್ಪಷ್ಟವಾಗಿದೆ: ಮುಗಿದುಹೋದ ಬಾಲಕರ ಕೇಸನ್ನು ಚಾರಿತ್ರ್ಯ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆ ಹೇಳಲೇಬಾರದು. ಮಗುವಿಗೆ ದಾರೂ ಕೊಟ್ಟವನಿಗೆ ಕಲಂ 77ರಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಇದೆ. ಕಾಯ್ದೆಯ ಸಿಟ್ಟು ಇರುವುದು ದೊಡ್ಡವರ ಮೇಲೆ.

ಹಾಗಾದರೆ ಫಾರ್ಮ್‌ನಲ್ಲಿ ಅದನ್ನು ಬರೆಯಬೇಕಾ? ವಕೀಲರಲ್ಲೇ ಎರಡು ಮಾತಿದೆ. ಕಾಯ್ದೆಯೇ ಅಳಿಸಿದ್ದನ್ನು ನೀವೇಕೆ ಎತ್ತುತ್ತೀರಿ ಎನ್ನುವವರಿದ್ದಾರೆ. ನನ್ನ ಒಲವು ಬೇರೆ. ಮಂಡಳಿಯ ಆದೇಶದ ಪ್ರತಿ ಇಟ್ಟುಕೊಳ್ಳಿ. ಪ್ರಶ್ನೆ ನೇರವಾಗಿದ್ದರೆ ಒಂದು ಸಾಲಿನಲ್ಲಿ ಬರೆದು, ಪಕ್ಕದಲ್ಲೇ "ಆಗ ನನಗೆ ಇಷ್ಟು ವಯಸ್ಸು, ಕಲಂ 24 ಅನ್ವಯಿಸುತ್ತದೆ" ಎಂದು ಸೇರಿಸಿ. 2019ರಲ್ಲಿ ರಮೇಶ್ ಬಿಷ್ಣೋಯಿ ಎಂಬುವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸಿಐಎಸ್‌ಎಫ್ ಎಂಬ ಕೇಂದ್ರ ಪಡೆಗೆ ಆಯ್ಕೆಯಾದವರು. ಚಿಕ್ಕ ವಯಸ್ಸಿನಲ್ಲಿ ಆಗಿದ್ದ ಕೇಸ್ ಹಿಡಿದು ನೌಕರಿ ತಪ್ಪಿಸುವುದು ಬಾಲ ನ್ಯಾಯ ಕಾಯ್ದೆಗೆ ವಿರುದ್ಧ ಎಂದು ಕೋರ್ಟ್ ಹೇಳಿತು. ಅಲ್ಲಿ ಇದ್ದ ಆರೋಪ ಕುಡಿತಕ್ಕಿಂತ ದೊಡ್ಡದು.

ಸಿಕ್ಕಿಬಿದ್ದ ರಾತ್ರಿ

ಸುಳ್ಳು ಹೆಸರು, ಸುಳ್ಳು ವಯಸ್ಸು ಹೇಳಬೇಡಿ. ಮೊಬೈಲ್‌ನಲ್ಲಿ ಹುಟ್ಟಿದ ವರ್ಷ ತಿದ್ದಿದ ಆಧಾರ್ ತೋರಿಸುವವರಿದ್ದಾರೆ. ಅದು ಕುಡಿತದ ಕೇಸ್ ಅಲ್ಲ, ಖೋಟಾ ದಾಖಲೆಯ ಕೇಸ್. ದಂಡ ಕಟ್ಟಿ ಹೋಗುವ ತಪ್ಪನ್ನು ನೀವೇ ಮೋಸದ ಆರೋಪ ಮಾಡಿಕೊಂಡಂತೆ. ಪೊಲೀಸ್ ನೌಕರಿಗೆ ಮೋಸದ ಕೇಸ್ ಎಂದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ.

ಕೈ ಎತ್ತಬೇಡಿ. ನಿಂತಿರುವ ಶಿಪಾಯಿ ಒರಟಾಗಿ ಮಾತಾಡಿದರೂ ಎತ್ತಬೇಡಿ. ಕರ್ತವ್ಯದಲ್ಲಿದ್ದವರ ಕಾಲರ್ ಹಿಡಿದರೆ ನ್ಯಾಯ ಸಂಹಿತೆಯ ಕಲಂ 132 ಬೀಳುತ್ತದೆ, ಹಳೆಯ ಐಪಿಸಿ ಲೆಕ್ಕದಲ್ಲಿ 353. ಹುಡುಗರ ಭವಿಷ್ಯ ಹಾಳಾದದ್ದು ಹೆಚ್ಚಾಗಿ ಬಿಯರಿನಿಂದ ಅಲ್ಲ, ಬಿಯರ್ ಕುಡಿದ ನಂತರದ ಐದು ನಿಮಿಷದ ಜಗಳದಿಂದ. ವಿಡಿಯೋ ಮಾಡುವ ಗೆಳೆಯ ಜೊತೆಗಿದ್ದರೆ ಮೊದಲು ಅವನನ್ನು ಸುಮ್ಮನಿರಿಸಿ.

ಮನೆಗೆ ಫೋನ್ ಮಾಡಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮರಾಠಿ ಓದಲು ಬಾರದಿದ್ದರೆ ಓದಿ ಹೇಳಿ ಎಂದು ಕೇಳಿ, ಆಮೇಲೆ ಸಹಿ ಮಾಡಿ. ದುಡ್ಡು ಕೊಟ್ಟು ಮುಗಿಸೋಣ ಎಂದು ಯಾರಾದರೂ ಹೇಳಿದರೆ ಹೂಂ ಅನ್ನಬೇಡಿ. ಅದೇ ಇನ್ನೊಂದು ಅಪರಾಧ. ಮೇಲಾಗಿ ಡೈರಿಯಲ್ಲಿ ಬರೆದದ್ದು ದುಡ್ಡಿನಿಂದ ಅಳಿಯುವುದಿಲ್ಲ. ಹಾಜರಾಗಲು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35ರ ನೋಟಿಸ್ ಕೊಟ್ಟರೆ ಅದರ ಫೋಟೋ ಅಲ್ಲೇ ತೆಗೆದು ಅಪ್ಪನಿಗೆ ಕಳಿಸಿ. ಅದರಲ್ಲಿ ಕಲಂ, ಠಾಣೆ, ನಂಬರ್, ದಿನಾಂಕ ಎಲ್ಲ ಇರುತ್ತದೆ. ಮುಂದೆ ಫಾರ್ಮ್ ತುಂಬುವಾಗ ಬೇಕಾಗುವುದು ಇದೇ ಮಾಹಿತಿ.

ನಮ್ಮ ಜನಕ್ಕೆ ವಿಶೇಷವಾಗಿ ಇದನ್ನು ಹೇಳಬೇಕು. ಆಧಾರ್‌ನಲ್ಲಿ ಊರಿನ ವಿಳಾಸ, ಇರುವುದು ಭೋಸರಿಯಲ್ಲೋ ಕಾತ್ರಜ್‌ನಲ್ಲೋ. ಸೈಟ್ ಮುಗಿದರೆ ಖೋಲಿಯೂ ಬದಲಾಗುತ್ತದೆ. ಕೋರ್ಟಿನ ಸಮನ್ಸ್ ಆಳಂದಕ್ಕೆ ಹೋಗಿ, ಮನೆಗೆ ಬೀಗ ಹಾಕಿದೆ ಎಂದು ವಾಪಸ್ ಬರುತ್ತದೆ. ಎರಡು ತಾರೀಖು ತಪ್ಪಿದರೆ ವಾರಂಟ್. ದಂಡಕ್ಕೆ ಮುಗಿಯಬೇಕಿದ್ದದ್ದು, ಪಡತಾಳಣಿಯ ದಿನ "ವಾರಂಟ್ ಬಾಕಿ" ಎಂದು ಎದ್ದು ನಿಲ್ಲುತ್ತದೆ. ಈಗ ಇರುವ ವಿಳಾಸ ಮತ್ತು ಚಾಲ್ತಿಯಲ್ಲಿರುವ ಫೋನ್ ನಂಬರನ್ನೇ ಕೊಡಿ.

ಕೋರ್ಟಿನಲ್ಲಿ ಆತುರ ಬೇಡ

ಸಣ್ಣ ಕೇಸುಗಳಲ್ಲಿ ಹೀಗಾಗುತ್ತದೆ. ಹತ್ತು ಹುಡುಗರನ್ನು ಒಟ್ಟಿಗೆ ನಿಲ್ಲಿಸುತ್ತಾರೆ. ಗುನ್ಹಾ ಕಬೂಲ್ ಇದೆಯಾ, ಅಂದರೆ ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಕೂಲಿ ತಪ್ಪುತ್ತದೆ ಎಂಬ ಆತುರದಲ್ಲಿ ಎಲ್ಲರೂ ಹೌದು ಎನ್ನುತ್ತಾರೆ. ದಂಡ ಕಟ್ಟಿ, ರಸೀದಿ ಜೇಬಿಗೆ ಹಾಕಿಕೊಂಡು, ಹೊರಗೆ ಬಂದು ಚಹಾ ಕುಡಿಯುತ್ತಾರೆ. ಅವರ ಮನಸ್ಸಿನಲ್ಲಿ ಕೇಸ್ ಮುಗಿದಿದೆ. ಕಾಗದದಲ್ಲಿ ಅವರು ತಪ್ಪಿತಸ್ಥರೆಂದು ಕೋರ್ಟ್ ಬರೆದಿದೆ. ಒಪ್ಪಿಕೊಂಡು ಕಟ್ಟಿದ ದಂಡವೂ ಶಿಕ್ಷೆಯೇ. "ಶಿಕ್ಷೆ ಆಗಿದೆಯಾ" ಎಂಬ ಪ್ರಶ್ನೆಗೆ ಆಮೇಲೆ ಇಲ್ಲ ಎಂದು ಬರೆಯುವ ಹಾಗಿಲ್ಲ.

ತಪ್ಪು ಮಾಡಿದ್ದರೆ ಒಪ್ಪಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಒಪ್ಪಿಕೊಳ್ಳುವ ಮೊದಲು ವಕೀಲರ ಹತ್ತಿರ ಒಂದು ಮಾತು ಆಡಿ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಪ್ರೊಬೇಷನ್ ಕಾಯ್ದೆ, ಎಂಬುದೊಂದಿದೆ. ಅದರ ಕಲಂ 3ರಲ್ಲಿ ಕೋರ್ಟ್ ಎಚ್ಚರಿಕೆ ಕೊಟ್ಟು ಬಿಡಬಹುದು, ಕಲಂ 4ರಲ್ಲಿ ಒಳ್ಳೆಯ ನಡತೆಯ ಬಾಂಡ್ ಮೇಲೆ ಬಿಡಬಹುದು. ಹಾಗೆ ಬಿಟ್ಟರೆ, ಶಿಕ್ಷೆಯ ಜೊತೆಗೆ ಬರುವ ಅನರ್ಹತೆ ಅಂಟುವುದಿಲ್ಲ ಎಂದು ಕಲಂ 12 ಹೇಳುತ್ತದೆ. 20 ವರ್ಷದ, ಮೊದಲ ಸಲ ಸಿಕ್ಕ, ಭರ್ತಿಗೆ ತಯಾರಾಗುತ್ತಿರುವ ಹುಡುಗನಿಗೆ ಇದನ್ನು ಕೇಳಲೇಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಆದರೆ ಇದರಿಂದ ನಡೆದ ಘಟನೆ ಅಳಿಸಿಹೋಗುವುದಿಲ್ಲ. ಫಾರ್ಮ್‌ನಲ್ಲಿ ಬರೆಯಬೇಕು, ಇಲಾಖೆ ಅದನ್ನು ನೋಡಿಯೇ ನಿರ್ಧರಿಸುತ್ತದೆ.

ವಕೀಲರಿಗೆ ದುಡ್ಡಿಲ್ಲ ಎಂದರೆ ಶಿವಾಜಿನಗರದ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಪೊಲೀಸರ ವಶದಲ್ಲಿರುವವರು, ಕಡಿಮೆ ಆದಾಯದವರು, ಇವರಿಗೆಲ್ಲ ಪುಕ್ಕಟೆ ವಕೀಲರು ಸಿಗುತ್ತಾರೆ.

ಕೇಸ್ ಮುಗಿದ ಮೇಲೆ ಆದೇಶದ ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ. ಒಂದಲ್ಲ, ಮೂರು. ದಂಡದ ರಸೀದಿಯ ಝೆರಾಕ್ಸ್ ಮಾಡಿಸಿ, ಮಸಿ ಮಾಸಿಹೋಗುತ್ತದೆ.

ನಿಮ್ಮ ಮೇಲೆ ಏನಿದೆ ಎಂದು ನೀವೇ ನೋಡಿಕೊಳ್ಳಿ

ಭರ್ತಿಯ ಜಾಹೀರಾತು ಬರುವವರೆಗೆ ಕಾಯಬೇಡಿ. ಇ-ಕೋರ್ಟ್ಸ್ ಜಾಲತಾಣಕ್ಕೆ ಹೋಗಿ ರಾಜ್ಯ, ಜಿಲ್ಲೆ, ಕೋರ್ಟ್ ಆರಿಸಿ, ಹೆಸರು ಮತ್ತು ವರ್ಷ ಹಾಕಿ ಹುಡುಕಿ. ಬಾಕಿ ಇರುವ ಕೇಸ್ ಒಂದು ಸಲ, ಮುಗಿದ ಕೇಸ್ ಇನ್ನೊಂದು ಸಲ. ನಮ್ಮ ಹೆಸರುಗಳನ್ನು ಮರಾಠಿಯಲ್ಲಿ ಹೇಗೆ ಬೇಕಾದರೂ ಬರೆದಿರುತ್ತಾರೆ. ಶರಣಪ್ಪ ಶರನಾಪ್ಪ ಆಗಿರಬಹುದು, ಅಡ್ಡಹೆಸರು ಮೊದಲು ಬಂದಿರಬಹುದು. ಎಲ್ಲ ಥರ ಹಾಕಿ ನೋಡಿ. ಸಿಕ್ಕರೆ ಅಕ್ಷರ, ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರ್, ಅಂದರೆ ಆ ಕೇಸಿನ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ಸಿಗದಿದ್ದರೆ ಕೇಸ್ ಇಲ್ಲ ಎಂದು ಅರ್ಥವಲ್ಲ. ಸಂಬಂಧಪಟ್ಟ ಠಾಣೆಗೆ ಹೋಗಿ ಕೇಳಿ. ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ.

ಬೇರೆ ಜಿಲ್ಲೆಯದ್ದು ಇಲ್ಲಿಯವರಿಗೆ ಗೊತ್ತಾಗುವುದಿಲ್ಲ ಎಂದು ಹುಡುಗರು ನಂಬಿದ್ದಾರೆ. ಆ ಕಾಲ ಹೋಯಿತು. ಠಾಣೆಗಳೆಲ್ಲ ಸಿಸಿಟಿಎನ್‌ಎಸ್ ಎಂಬ ಜಾಲದಲ್ಲಿವೆ. ಸಾಲದ್ದಕ್ಕೆ ಫಾರ್ಮ್‌ನಲ್ಲಿ ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಎಲ್ಲೆಲ್ಲಿ ಇದ್ದಿರಿ ಎಂದು ಕೇಳುತ್ತಾರೆ. ಇಂಡಿಯಲ್ಲಿ ಎರಡು ವರ್ಷ ಕಾಲೇಜು ಓದಿದ್ದರೆ ಅಲ್ಲಿಯ ಠಾಣೆಗೂ ಕಾಗದ ಹೋಗುತ್ತದೆ.

ಫಾರ್ಮ್

ಮೈದಾನದ 50 ಅಂಕ, ಲೇಖಿ ಪರೀಕ್ಷೆಯ 100 ಅಂಕ, ಎಲ್ಲ ದಾಟಿ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಸಾಕ್ಷಾಂಕನ (ಅಟೆಸ್ಟೇಷನ್) ಫಾರ್ಮ್ ಕೈಗೆ ಬರುತ್ತದೆ. ಬಂಧನ ಆಗಿತ್ತಾ, ಕೇಸ್ ನಡೆದಿತ್ತಾ, ವಶದಲ್ಲಿಟ್ಟಿದ್ದರಾ, ಬಾಂಡ್ ಬರೆಸಿಕೊಂಡಿದ್ದರಾ, ದಂಡ ಬಿದ್ದಿತ್ತಾ, ಶಿಕ್ಷೆ ಆಗಿತ್ತಾ, ಈಗ ಯಾವುದಾದರೂ ಬಾಕಿ ಇದೆಯಾ. ಇವು ಬೇರೆ ಬೇರೆ ಪ್ರಶ್ನೆಗಳು. ಮೇಲೆ ದೊಡ್ಡದಾಗಿ ಎಚ್ಚರಿಕೆಯೂ ಇರುತ್ತದೆ: ಸುಳ್ಳು ಮಾಹಿತಿ ಕೊಟ್ಟರೆ, ಮಾಹಿತಿ ಮುಚ್ಚಿಟ್ಟರೆ ಅನರ್ಹರಾಗುತ್ತೀರಿ. ಸಂತೋಷದ ಗಡಿಬಿಡಿಯಲ್ಲಿ ಹುಡುಗರು ಎಲ್ಲದಕ್ಕೂ "ನಾಹೀ, ನಾಹೀ" (ಇಲ್ಲ, ಇಲ್ಲ) ಎಂದು ಬರೆದು ಹೋಗುತ್ತಾರೆ.

ನನ್ನ ಟೇಬಲ್ಲಿಗೆ ಬಂದ ಒಂದು ಪ್ರಕರಣ ಹೇಳುತ್ತೇನೆ. ಸೋಲಾಪುರ ರಸ್ತೆಯ ಢಾಬಾ, ಕಲಂ 84, ಮರುದಿನ ಕೋರ್ಟಿನಲ್ಲಿ ಸಣ್ಣ ದಂಡ. ಹುಡುಗನಿಗೆ ಆಗ ಹತ್ತೊಂಬತ್ತು. ಓಟದಲ್ಲಿ ಒಳ್ಳೆಯ ಅಂಕ, ಲೇಖಿಯಲ್ಲೂ ಒಳ್ಳೆಯ ಅಂಕ. ಫಾರ್ಮ್‌ನಲ್ಲಿ ನಾಹೀ. ಕಂಪ್ಯೂಟರ್‌ನಲ್ಲಿ ಹೆಸರು ಹಾಕಿದ ಕೂಡಲೇ ಕೇಸ್ ಬಂತು. ನಾನು ಇದ್ದದ್ದನ್ನು ಬರೆದು ಕಳಿಸಬೇಕಾಯಿತು, ಅದೇ ನನ್ನ ಕೆಲಸ. ಅವನಿಗೆ ನೋಟಿಸ್ ಹೋಯಿತು, ಆಯ್ಕೆ ರದ್ದಾಯಿತು. ಅವರಪ್ಪ ಬಂದು, "ಸಾಹೇಬ್ರ, ಅದು ಬರೀ ದಂಡ ಇತ್ತಲ್ರೀ" ಎಂದರು. ನಿಜ, ಬರೀ ದಂಡವೇ. ಅದನ್ನು ಬರೆದಿದ್ದರೆ ಯಾರೂ ಅದಕ್ಕೆ ಅಷ್ಟು ಬೆಲೆ ಕೊಡುತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅದಕ್ಕೇ ಈಗ ಮೈದಾನದಲ್ಲಿ ಓಟದ ಟೈಮಿಂಗ್‌ಗಿಂತ ಹೆಚ್ಚಾಗಿ ಈ ಫಾರ್ಮ್‌ನ ಬಗ್ಗೆಯೇ ಮಾತಾಡುತ್ತೇನೆ.

ಈ ವಿಷಯದಲ್ಲಿ ಎಲ್ಲರೂ ಹಿಡಿಯುವ ತೀರ್ಪು ಅವತಾರ್ ಸಿಂಗ್ ಪ್ರಕರಣದ್ದು. 2016ರ ಜುಲೈ 21ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದು. ಅದರ ಸಾರ ಇಷ್ಟು. ಮಾಹಿತಿ ನಿಜವಾಗಿರಬೇಕು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ, ಇಲಾಖೆ ಬೇಕಾದರೆ ಮನ್ನಿಸಬಹುದು. ನಿಜ ಬರೆದಿದ್ದರೂ ಇಲಾಖೆ ನಿಮ್ಮ ನಡತೆಯನ್ನು ತೂಗಿ ನೋಡಬಹುದು, ಕೊಡಲೇಬೇಕು ಎಂದೇನಿಲ್ಲ. ಫಾರ್ಮ್‌ನಲ್ಲಿ ಕೇಳಿದ್ದಕ್ಕೆ ಮಾತ್ರ ನೀವು ಹೊಣೆ, ಕೇಳದೇ ಇದ್ದದ್ದಕ್ಕೆ ಅಲ್ಲ. ನಿಮಗೆ ಗೊತ್ತೇ ಇಲ್ಲದ ಕೇಸನ್ನು ಮುಚ್ಚಿಟ್ಟಿರಿ ಎನ್ನುವಂತಿಲ್ಲ.

"ಮನ್ನಿಸಬಹುದು" ಎಂಬುದನ್ನು ಹಿಡಿದು ಯಾರೂ ಜೂಜಾಡಬೇಡಿ. ಅದು ಇಲಾಖೆಯ ಮರ್ಜಿ, ನಿಮ್ಮ ಹಕ್ಕಲ್ಲ. ಪೊಲೀಸ್ ಶಿಸ್ತಿನ ಪಡೆ, ಖುಲಾಸೆಯಾದ ಮಾತ್ರಕ್ಕೆ ನೌಕರಿ ಸಿಗಲೇಬೇಕು ಎಂದಿಲ್ಲ ಎಂದು 2013ರಲ್ಲೇ ಮೆಹರ್ ಸಿಂಗ್ ಪ್ರಕರಣದಲ್ಲಿ ಕೋರ್ಟ್ ಹೇಳಿದೆ. ಇನ್ನೊಂದು ಕಡೆ, 2024ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ರವೀಂದ್ರ ಕುಮಾರ್ ಎಂಬ ಶಿಪಾಯಿ ಹುದ್ದೆಯ ಅಭ್ಯರ್ಥಿಗೆ ಸುಪ್ರೀಂ ಕೋರ್ಟ್ ನೌಕರಿ ಕೊಡಿಸಿತು. ಸಣ್ಣ ಹೊಡೆದಾಟದ ಕೇಸ್, ಅದರಲ್ಲಿ ಖುಲಾಸೆ ಆಗಿತ್ತು, ಬರೆದಿರಲಿಲ್ಲ. ಆದರೆ ಅವರು ಆಯ್ಕೆಯಾಗಿದ್ದು 2004ರ ಭರ್ತಿಯಲ್ಲಿ. ಲೆಕ್ಕ ಹಾಕಿ. ಒಂದು ಸಾಲು ನಿಜ ಬರೆಯುವುದು ಸುಲಭವಾ, ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವುದು ಸುಲಭವಾ?

ಉತ್ತರ ಬರೆಯುವ ರೀತಿ ಹೀಗಿರಲಿ: "ಹೌದು. ಇಂಥ ದಿನಾಂಕದಂದು, ನನಗೆ 19 ವರ್ಷವಿದ್ದಾಗ, ಇಂಥ ಊರಿನ ಢಾಬಾದಲ್ಲಿ ಬಿಯರ್ ಕುಡಿದ ಕಾರಣ ಮಹಾರಾಷ್ಟ್ರ ದಾರೂಬಂದಿ ಕಾಯ್ದೆ ಕಲಂ 84ರಡಿ ಕೇಸ್ ಆಗಿತ್ತು. ಗುನ್ಹಾ ನಂಬರ್, ಕೋರ್ಟ್ ಕೇಸ್ ನಂಬರ್ ಇವು. ಇಂಥ ದಿನ ಕೋರ್ಟ್ ಇಷ್ಟು ದಂಡ ಹಾಕಿತು, ಕಟ್ಟಿದ್ದೇನೆ. ಆದೇಶದ ಪ್ರತಿ ಲಗತ್ತಿಸಿದ್ದೇನೆ. ಇದರ ಹೊರತು ಬೇರೆ ಯಾವ ಕೇಸೂ ಇಲ್ಲ."

ಇಷ್ಟು ಸಾಕು. ಗೆಳೆಯರು ಎಳೆದುಕೊಂಡು ಹೋದರು, ಪೊಲೀಸರು ಬೇಕೆಂದೇ ಸಿಕ್ಕಿಸಿದರು ಎಂಬ ಕಥೆ ಬೇಡ. ಜಾಗ ಸಾಲದಿದ್ದರೆ ಬೇರೆ ಹಾಳೆ ಹಚ್ಚಿ, ಫಾರ್ಮ್‌ನಲ್ಲಿ "ಜೊತೆಗಿನ ಹಾಳೆ ನೋಡಿ" ಎಂದು ಬರೆಯಿರಿ. ಫಾರ್ಮ್ ಕೊಟ್ಟ ಮೇಲೆ ಹೊಸದಾಗಿ ಏನಾದರೂ ಆದರೆ, ಅದನ್ನೂ ಕೂಡಲೇ ಬರೆದು ತಿಳಿಸಬೇಕು. ಆಯ್ಕೆಯಾದ ಖುಷಿಗೆ ಪಾರ್ಟಿ ಮಾಡಿ ನಾಕಾಬಂದಿಯಲ್ಲಿ ಸಿಕ್ಕವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಕೇಸ್ ಇನ್ನೂ ನಡೆಯುತ್ತಿದ್ದರೆ ವಕೀಲರಿಗೆ ಹೇಳಿ ಬೇಗ ಮುಗಿಸಿಕೊಡಿ ಎಂದು ಅರ್ಜಿ ಹಾಕಿಸಿ, ಭರ್ತಿಯ ಜಾಹೀರಾತನ್ನೂ ಜೊತೆಗಿಡಿ. ಬಾಕಿ ಇರುವ ಕೇಸ್ ಕಂಡರೆ ಇಲಾಖೆ ಕಾಯುತ್ತದೆ, ಇಲ್ಲವೇ ಮುಂದಿನವರನ್ನು ಕರೆಯುತ್ತದೆ.

ನೋಟಿಸ್ ಬಂದರೆ

ಬರೆದಿದ್ದರೂ ನೋಟಿಸ್ ಬರಬಹುದು. ಹೆದರಬೇಡಿ. ಕೊಟ್ಟ ಗಡುವಿನೊಳಗೆ ಉತ್ತರ ಕೊಡಿ, ಕೈಯಲ್ಲೇ ಕೊಟ್ಟು ಪೋಚ್ (ತಲುಪಿದ ರಸೀದಿ) ತೆಗೆದುಕೊಳ್ಳಿ. ಆಗಿನ ವಯಸ್ಸು, ಒಂದೇ ಕೇಸ್ ಎಂಬುದು, ಯಾರಿಗೂ ಗಾಯವಾಗಿಲ್ಲ ಎಂಬುದು, ಆಮೇಲೆ ಮಾಡಿದ ಓದು, ಕೆಲಸ, ಎನ್‌ಸಿಸಿ, ಹೋಮ್‌ಗಾರ್ಡ್ ಇದ್ದರೆ ಅದು, ಇವನ್ನು ಕಾಗದದ ಸಮೇತ ಇಡಿ. ಅವತಾರ್ ಸಿಂಗ್ ತೀರ್ಪನ್ನು ಹೆಸರು ಹಿಡಿದು ಬರೆಯಿರಿ. ನಗರಸೇವಕರ (ಕಾರ್ಪೊರೇಟರ್) ಶಿಫಾರಸು ಪತ್ರ ತರಬೇಡಿ. ಅದರಿಂದ ನಿಮ್ಮ ನಡತೆ ಗೊತ್ತಾಗುವುದಿಲ್ಲ.

ಆದರೂ ಆಯ್ಕೆ ರದ್ದಾದರೆ ರಾಜ್ಯ ಪೊಲೀಸ್ ನೌಕರಿಯ ತಕರಾರು ಹೋಗುವುದು ಮಹಾರಾಷ್ಟ್ರ ಆಡಳಿತ ನ್ಯಾಯಮಂಡಳಿಗೆ, ಎಲ್ಲರೂ ಮ್ಯಾಟ್ ಎನ್ನುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳದ್ದಾದರೆ ಹೈಕೋರ್ಟ್.

ಆಯ್ಕೆ ಖಾಯಂ ಆದವರು ತುಂಬಿದ ಫಾರ್ಮ್‌ನ ಝೆರಾಕ್ಸನ್ನು ಎಸೆಯಬೇಡಿ. ನಾಲ್ಕೈದು ವರ್ಷದ ಮೇಲೆ ಎಂಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗದ) ಪರೀಕ್ಷೆ ಬರೆದು ಪಿಎಸ್‌ಐ ಆಗುವ ಆಸೆ ನಿಮ್ಮಲ್ಲಿ ಬಹಳ ಜನಕ್ಕೆ ಇದೆ, ಇರಲೂಬೇಕು. ಆಗ ಮತ್ತೆ ಇದೇ ಥರದ ಫಾರ್ಮ್ ಬರುತ್ತದೆ. ಈಗ ಬರೆದ ಕಲಂ, ಕೇಸ್ ನಂಬರ್, ದಿನಾಂಕ, ಅವತ್ತೂ ಅಕ್ಷರ ಅಕ್ಷರ ಹೀಗೇ ಇರಬೇಕು.